ಜೆಸಿಬಿ ಮುಚ್ಚಿದ ಕಣಿ

ಪ್ರಕೃತಿಯ ರೀತಿ ನೋಡಿ ಜಾಗ, ನೀರು, ಬೆಳೆ ಹೊಂದಿಸುವ ಪರ್ಮಾಕಲ್ಚರ್ ಕಲಿತು ಬಂದ ವರ್ಷವೇ ನಾನು ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಮೂರು ಲೋಡು ಕೆಂಪು ಮಣ್ಣು ಇಳಿಸಿದೆ. ಬೇಕಂತ ಮಾಡಿದ್ದಲ್ಲ. ಆದರೂ ಈ ಕಥೆ ಅಲ್ಲಿಂದಲೇ ಶುರುವಾಗಬೇಕು. ಕೋರ್ಸಿನಲ್ಲಿ ಹೇಳಿಕೊಟ್ಟದ್ದು ನನಗೆ ಅರ್ಥವಾಗತೊಡಗಿದ್ದು ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತೆಗೆಯುವಾಗ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದಿಂದ ಸ್ವಲ್ಪ ಒಳಗೆ. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಟೀಚರ್. ಜಾಗ ಎರಡು ಎಕ್ರೆ. ಕೆಳಗೆ 80 ಸೆಂಟ್ಸ್ ಅಡಿಕೆ ತೋಟ, ಮಧ್ಯೆ ಮನೆ ಮತ್ತು ದನದ ಹಟ್ಟಿ, ಮೇಲೆ ಗುಡ್ಡೆ. ಗುಡ್ಡೆಯ ಬುಡದಲ್ಲಿ ಒಂದು ಸುರಂಗ. ಬೇರೆ ಊರಿನವರಿಗೆ ಸುರಂಗ ಎಂದರೆ ರೈಲು ನೆನಪಾಗಬಹುದು. ನಮಗೆ ಅದು ಅಡ್ಡಕ್ಕೆ ತೋಡಿದ ಬಾವಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ, ಕೊನೆಯಲ್ಲಿ ಮುರಕಲ್ಲಿನಿಂದ, ಅಂದರೆ ಜಂಬಿಟ್ಟಿಗೆ ಕಲ್ಲಿನಿಂದ, ತೊಟ್ಟಿಕ್ಕುವ ನೀರು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಬರುತ್ತದೆ.

ಈ ನೀರು ಕಡಿಮೆಯಾಗುತ್ತಾ ಬಂದದ್ದೇ ನಾನು ಕಲಿಯಲು ಹೊರಡಲು ಕಾರಣ. ಮಾರ್ಚ್ ಬಂದರೆ ಕೊಡಪಾನ ಇಟ್ಟು ಕಾಯಬೇಕಿತ್ತು. 2018ರ ಕ್ರಿಸ್ಮಸ್ ರಜೆಗೆ ನಾಲ್ಕು ದಿನದ ರಜೆ ಸೇರಿಸಿ ತೆಲಂಗಾಣಕ್ಕೆ ಹೋದೆ. ಪರ್ಮಾಕಲ್ಚರ್ ವಿನ್ಯಾಸದ ಕೋರ್ಸು ಎಲ್ಲಿ ನಡೆದರೂ ಸಾಮಾನ್ಯವಾಗಿ 72 ಗಂಟೆಯದ್ದು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಶುರು ಮಾಡಿದ ವಿಚಾರ ಇದು. ಭೂಮಿಯನ್ನು ನೋಡಿಕೊಳ್ಳಬೇಕು, ಜನರನ್ನು ನೋಡಿಕೊಳ್ಳಬೇಕು, ಹೆಚ್ಚಾದದ್ದನ್ನು ಹಂಚಿಕೊಳ್ಳಬೇಕು. ಈ ಮೂರು ಮಾತಿನ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೇಳುವಾಗ ಸುಲಭ ಅನಿಸಿತು. ಎರಡನೆಯದು ಮತ್ತು ಮೂರನೆಯದು ಎಷ್ಟು ಕಷ್ಟ ಅಂತ ಆಗ ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದವಳೇ ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ನಕ್ಷೆ ಬರೆದೆ. ಪರ್ಮಾಕಲ್ಚರಿನಲ್ಲಿ ಜಾಗವನ್ನು ಜೋನ್ ಅಂತ ಭಾಗ ಮಾಡುತ್ತಾರೆ. ಸೊನ್ನೆ ಅಂದರೆ ಮನೆ. ದಿನಕ್ಕೆ ನಾಲ್ಕು ಸಲ ಕಾಲಿಡುವ ಜಾಗ ಒಂದು, ಆಮೇಲೆ ಎರಡು, ಮೂರು, ನಾಲ್ಕು. ಐದು ಎಂದರೆ ಮನುಷ್ಯ ಕೈ ಹಾಕದೆ ಬಿಡುವ ಕಾಡು. ಬಣ್ಣದ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾ ಕೂತಿದ್ದಾಗ ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದು ನಮ್ಮ ಮನೆಯೇ ಅಲ್ವಾ?" ಅಂದರು. "ಬಸಳೆ ಚಪ್ಪರ ಅಂಗಳದ ಬದಿಯಲ್ಲಿ. ಹಟ್ಟಿ ಅದರ ಆಚೆ. ತೋಟ ಕೆಳಗೆ. ಸೊಪ್ಪಿನ ಗುಡ್ಡೆ ಮೇಲೆ. ಐದನೇದು ನಾಗಬನ."

ನನಗೆ ಸ್ವಲ್ಪ ಪಿಚ್ಚೆನಿಸಿತು. ಅಷ್ಟು ದೂರ ಹೋಗಿ, ಅಷ್ಟು ಫೀಸು ಕೊಟ್ಟು ಕಲಿತದ್ದು ಮಾವನ ಅಜ್ಜ ಮಾಡಿಟ್ಟದ್ದನ್ನೇ. ಆದರೆ ಆ ಪಿಚ್ಚಿಗೂ ಬಗ್ಗಲಿಲ್ಲ ನಾನು. ನಕ್ಷೆಯಲ್ಲಿ ಒಂದು ಹೊಸ ಸಂಗತಿ ಇತ್ತಲ್ಲ, ಸ್ವೇಲ್.

ಸ್ವೇಲ್ ಅಂದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ತೋಡುವ ಉದ್ದದ ಅಗಳು. ತೋಡಿದ ಮಣ್ಣನ್ನು ಕೆಳಬದಿಗೆ ದಂಡೆ ಕಟ್ಟುತ್ತಾರೆ. ಮೇಲಿಂದ ಬಂದ ನೀರು ಅಲ್ಲಿ ನಿಂತು ನಿಧಾನ ಇಂಗಬೇಕು. ಕೋರ್ಸು ನಡೆದ ಜಾಗದಲ್ಲಿ ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತು ಅಂದರೆ, ಒಣ ನೆಲದ ನಡುವೆ ಹಸಿರು ಪಟ್ಟಿ ಬಳಿದ ಹಾಗೆ ಕಾಣುತ್ತಿತ್ತು. ನಾನು ಯೋಚಿಸದ ಒಂದು ಲೆಕ್ಕ ಇತ್ತು. ಗಣಿತ ಟೀಚರ್ ಬೇರೆ! ಆ ಕಡೆ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ನಮ್ಮಲ್ಲಿ ಹೆಚ್ಚುಕಡಿಮೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್.

ಮಟ್ಟ ಹಿಡಿಯಲು ಅಡಿಕೆ ಸಲಾಕೆ ಕಡಿದು ನಾನೇ ಸಾಧನ ಮಾಡಿದೆ. ಎರಡು ಸಲಾಕೆಯ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಪಟ್ಟಿ ಹೊಡೆದರೆ ಇಂಗ್ಲಿಷಿನ ಎ ಅಕ್ಷರದ ಆಕಾರ ಬರುತ್ತದೆ. ಮೇಲಿನಿಂದ ದಾರ ಇಳಿಬಿಟ್ಟು ಅದಕ್ಕೊಂದು ಕಲ್ಲು ಕಟ್ಟಬೇಕು. ಮೊದಲು ಅಡ್ಡಪಟ್ಟಿಯ ಮೇಲೆ ಸರಿಯಾದ ನಡು ಗುರುತಿಸಬೇಕು. ಒಂದು ಸಲ ನಿಲ್ಲಿಸಿ ದಾರ ತಾಗಿದಲ್ಲಿ ಗೆರೆ, ಎರಡು ಕಾಲು ಅದಲು ಬದಲು ಮಾಡಿ ನಿಲ್ಲಿಸಿ ಇನ್ನೊಂದು ಗೆರೆ. ಎರಡರ ಮಧ್ಯವೇ ಮಟ್ಟ. ಆಮೇಲೆ ಒಂದು ಕಾಲು ಊರಿ, ಇನ್ನೊಂದನ್ನು ತಿರುಗಿಸುತ್ತಾ, ದಾರ ನಡುಗೆರೆಗೆ ಬಂದಲ್ಲಿ ಗೂಟ ಹೊಡೆಯುತ್ತಾ ಹೋಗುವುದು. ಗಾಳಿ ಬಂದರೆ ದಾರ ತೂಗುತ್ತದೆ, ಆಗ ಸುಮ್ನೆ ಕಾಯಬೇಕು. ನನ್ನ ಒಂಬತ್ತನೇ ಕ್ಲಾಸಿನ ನಾಲ್ಕು ಮಕ್ಕಳು ಬಂದು ಎರಡು ಭಾನುವಾರದಲ್ಲಿ ಗೂಟ ಹೊಡೆದು ಮುಗಿಸಿದರು. ಆ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಮಟ್ಟ ಸರಿಯಾಗಿತ್ತು, ಜಾಗ ತಪ್ಪಿತ್ತು.

2019ರ ಮೇ ತಿಂಗಳಲ್ಲಿ ಜೆಸಿಬಿ ತರಿಸಿದೆ. ಗೂಟದ ಸಾಲಿನ ನಡುವೆ ಅಡ್ಡವಾಗಿ ಒಂದು ಹಳೇ ಕಣಿ, ಅಂದರೆ ನೀರು ಹೋಗುವ ಸಣ್ಣ ಕಾಲುವೆ, ಇತ್ತು. ತರಗೆಲೆ ತುಂಬಿ ಅರ್ಧ ಮುಚ್ಚಿತ್ತು. ಡ್ರೈವರ್ "ಇದನ್ನೇನು ಮಾಡುವುದು?" ಅಂತ ಕೇಳಿದ. "ಮುಚ್ಚಿ" ಅಂದೆ. ನಾಲ್ಕು ಗಂಟೆಯಲ್ಲಿ ಕೆಲಸ ಮುಗಿಯಿತು.

ವಿನ್ಯಾಸ ಮಾಡುವ ಮೊದಲು ಒಂದು ವರ್ಷ ಪೂರ್ತಿ ಜಾಗವನ್ನು ನೋಡಿ ಅಂತ ಕೋರ್ಸಿನಲ್ಲಿ ಹೇಳಿದ್ದರು. ನಾನು ಮಳೆಗಾಲ ಬಿಟ್ಟು ಉಳಿದದ್ದೆಲ್ಲ ನೋಡಿದ್ದೆ. ಈ ಮನೆಗೆ ಬಂದು ಹದಿನೈದು ವರ್ಷವಾದರೂ ಮಳೆಗಾಲದಲ್ಲಿ ಗುಡ್ಡೆ ಹತ್ತಿದವಳೇ ಅಲ್ಲ. ಜಿಗಣೆ, ಜಾರಿಕೆ, ಶಾಲೆ. ನೆಪಕ್ಕೇನು ಬರ.

ಜೂನ್, ಜುಲೈ ಚೆನ್ನಾಗಿಯೇ ಹೋಯಿತು. ಅಗಳಿನಲ್ಲಿ ನೀರು ನಿಂತ ಫೋಟೋ ತೆಗೆದು ನಮ್ಮ ಬ್ಯಾಚಿನವರಿಗೆಲ್ಲ ಕಳಿಸಿದೆ. ಆಗಸ್ಟ್ ಎರಡನೇ ವಾರ ಮಳೆ ಬಿಡಲೇ ಇಲ್ಲ. ಆಗಸ್ಟ್ 8ರಂದು ವಯನಾಡಿನ ಪುತ್ತುಮಲೆ, ಮಲಪ್ಪುರದ ಕವಳಪ್ಪಾರ ಕುಸಿದವು. ಆ ವಾರವೇ ಒಂದು ರಾತ್ರಿ ನಮ್ಮ ದಂಡೆ ಒಡೆಯಿತು. ಒಡೆದದ್ದು ಹಳೇ ಕಣಿ ಇದ್ದ ಜಾಗದಲ್ಲೇ. ಶಬ್ದ ಏನೂ ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಕೆಳಗಿನ ಮನೆಯ ಅಣ್ಣನ ತೋಟದ ಬಸಿಗಾಲುವೆಗಳಲ್ಲಿ ಮಣ್ಣು ತುಂಬಿ, ಎಳೇ ಅಡಿಕೆ ಗಿಡಗಳ ಸುಳಿ ಮಾತ್ರ ಮೇಲೆ ಕಾಣುತ್ತಿತ್ತು.

ಅಣ್ಣ ಕೂಗಾಡಲಿಲ್ಲ. ಕೊಡೆ ಹಿಡಿದು ಅಂಗಳದ ತುದಿಯಲ್ಲಿ ನಿಂತು "ಟೀಚರೇ, ನಿಮ್ಮ ಮಣ್ಣು ನಮ್ಮಲ್ಲಿದೆ" ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಮುಂದಿನ ಹತ್ತು ದಿನ ನಾನು, ನನ್ನ ಗಂಡ, ಇಬ್ಬರು ಆಳುಗಳು ಮಣ್ಣು ಹೊತ್ತೆವು. ಮೂರನೇ ದಿನಕ್ಕೆ ಅಣ್ಣನೂ ಹಾರೆ ಹಿಡಿದು ಬಂದರು. ಆಗ ಮಾತಿಗೆ ಮಾತು ಬಂತು. ಆ ಕಣಿ ತೋಡಿದ್ದು ಅವರ ಅಪ್ಪ ಮತ್ತು ನಮ್ಮ ಮಾವನ ಅಪ್ಪ ಸೇರಿ. ಗುಡ್ಡೆಯ ನೀರು ಮನೆ ಮೇಲೆ ಬೀಳದ ಹಾಗೆ ಅದನ್ನು ಓರೆಯಾಗಿ ತಿರುಗಿಸಿ ತೋಡಿಗೆ, ಅಂದರೆ ಹಳ್ಳಕ್ಕೆ, ಬಿಡುತ್ತಿತ್ತಂತೆ. "ಅಲ್ಲಿ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು. ನೀರು ನಿಂತರೆ ಸಾಬೂನಿನ ಹಾಗೆ ಆಗ್ತದೆ" ಅಂದರು. ಶೇಡಿ ಅಂದರೆ ನುಣ್ಣನೆಯ ಬಿಳಿ ಜೇಡಿ. ಸುರಂಗ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಮುರಕಲ್ಲಿನಲ್ಲಿ ಇಳಿದ ನೀರು ಶೇಡಿ ಸಿಕ್ಕಿದಲ್ಲಿ ಕೆಳಗೆ ಹೋಗಲಾರದೆ ಅಡ್ಡಕ್ಕೆ ಹರಿಯುತ್ತದೆ. ನಮ್ಮ ಸುರಂಗಕ್ಕೆ ನೀರು ಕೊಡುವುದೂ ಅದೇ, ಕಡಿದಾದ ಗುಡ್ಡೆ ಜಾರಿಸುವುದೂ ಅದೇ. ಮನೆಯ ನೆತ್ತಿಯ ಮೇಲೆ ನಾನು ಅಷ್ಟು ನೀರು ನಿಲ್ಲಿಸಿಟ್ಟಿದ್ದೆ. ಹೋದದ್ದು ಮೂರು ಲೋಡು ಮಣ್ಣು ಮಾತ್ರ ಅನ್ನುವುದು ನಮ್ಮ ಪುಣ್ಯ.

ಹಳೇ ಕಣಿಯನ್ನು ಮತ್ತೆ ತೆಗೆಸಿದೆ. ಸ್ವೇಲನ್ನು ಮುಚ್ಚಿ, ಆ ಗೆರೆಯುದ್ದಕ್ಕೂ ಅನಾನಸು ಮತ್ತು ಲಾವಂಚ ನೆಟ್ಟೆ. ನೀರು ಅಲ್ಲಿ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ, ಮಣ್ಣು ಉಳಿಯುತ್ತದೆ. ಇಂಗಿಸುವ ಕೆಲಸವನ್ನು ಗುಡ್ಡೆಯ ತಲೆಗೆ ಒಯ್ದೆ. ಅಲ್ಲಿ ನೆಲ ತಟ್ಟೆಯ ಹಾಗೆ ಸಮತಟ್ಟು. ಮೂರು ಬೇಸಿಗೆಯಲ್ಲಿ ಪಿಕ್ಕಾಸಿನಲ್ಲಿ 40 ಸಣ್ಣ ಇಂಗುಗುಂಡಿ ತೋಡಿಸಿದೆವು. ಜೆಸಿಬಿ ಮತ್ತೆ ಕರೆಯಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಸುರಂಗದ ಬಾಯಲ್ಲಿ 10 ಲೀಟರಿನ ಕೊಡಪಾನ ಇಟ್ಟು ತುಂಬಲು ಎಷ್ಟು ಹೊತ್ತು ಬೇಕು ಅಂತ ಬರೆದಿಡುತ್ತೇನೆ. 2019ರ ಏಪ್ರಿಲಿನಲ್ಲಿ 11 ನಿಮಿಷ ಹಿಡಿದಿತ್ತು, ಈಗ ಅದೇ ತಿಂಗಳಲ್ಲಿ 7. ಇಷ್ಟಕ್ಕೇ ಗುಂಡಿಯಿಂದ ಆಯಿತು ಅಂತ ಸಾಧಿಸಲಾರೆ. ಮಳೆ ಒಂದೊಂದು ವರ್ಷ ಒಂದೊಂದು ಥರ.

ಬಾಕಿ ಬೆಳೆಯ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಮರಗೆಣಸು ಪೂರ್ತಿ ಹಂದಿಯ ಪಾಲು. ಕಾಳುಮೆಣಸು, ಪುನರ್ಪುಳಿ, ಜೀಗುಜ್ಜೆ ಚೆನ್ನಾಗಿವೆ. ಗ್ಲಿರಿಸಿಡಿಯಾ ಸೊಪ್ಪು ಕಡಿದು ಅಡಿಕೆ ಬುಡಕ್ಕೆ ಹಾಕಿದ ಮೇಲೆ ಪೇಟೆಯ ಗೊಬ್ಬರ ತಂದಿಲ್ಲ. ಆದರೆ ಬೋರ್ಡೋ ದ್ರಾವಣ ಸಿಂಪಡಿಸುವುದು ಬಿಟ್ಟಿಲ್ಲ. ಕೊಳೆರೋಗ, ನಮ್ಮ ಕಡೆಯ ಮಾತಿನಲ್ಲಿ ಮಹಾಳಿ, ಬಂದರೆ ಮನೆ ನಡೆಯುವುದಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ನಮ್ಮ ಬ್ಯಾಚಿನ ಕೆಲವರಿಗೆ ಇದು ಹಿಡಿಸಲಿಲ್ಲ. ಅದಕ್ಕಿಂತ ಮೇಲಿನ ವಿಷದ ಬಗ್ಗೆ ನಮ್ಮ ಊರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳಿಗೆ ಎರಡು ದಶಕಕ್ಕೂ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಆ ವಿಷದಿಂದ ನರಳಿದ ಮಕ್ಕಳ ಅಮ್ಮಂದಿರು ನನ್ನ ಶಾಲೆಯ ದಾರಿಯಲ್ಲಿ ಸಿಗುತ್ತಾರೆ.

ಮಣ್ಣು ಹೊತ್ತ ಆ ಹತ್ತು ದಿನದಿಂದ ಬಂದ ದೊಡ್ಡ ಲಾಭ ತೋಡಿನ ಕಟ್ಟ. ಮಳೆ ನಿಂತ ಮೇಲೆ, ಡಿಸೆಂಬರಿನ ಹೊತ್ತಿಗೆ, ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು ಹಾಕಿ ನೀರು ನಿಲ್ಲಿಸುವುದು ನಮ್ಮ ಕಡೆಯ ಹಳೇ ಪದ್ಧತಿ. ಬೋರ್‌ವೆಲ್ ಬಂದ ಮೇಲೆ ನಮ್ಮ ತೋಡಿನಲ್ಲಿ ಅದು ನಿಂತೇ ಹೋಗಿತ್ತು. "ಅಪ್ಪನ ಕಾಲದಲ್ಲಿ ಇಲ್ಲೊಂದು ಕಟ್ಟ ಇತ್ತು" ಅಂತ ಅಣ್ಣ ಬುಟ್ಟಿ ಎತ್ತುತ್ತಾ ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಅದೇ ಡಿಸೆಂಬರಿನಲ್ಲಿ ಆರು ಮನೆಯವರು ಸೇರಿದೆವು. ತುಳು ಮಾತಾಡುವವರು ಮೂರು ಮನೆ, ಮಲಯಾಳದವರು ಎರಡು, ನಾವು. ಅಡಿಕೆ ಮರದ ತುಂಡು ನಿಲ್ಲಿಸಿ, ಪ್ಲಾಸ್ಟಿಕ್ ಶೀಟು ಹಾಸಿ, ಮಣ್ಣಿನ ಚೀಲ ಒತ್ತಿದೆವು. ಒಂದು ಭಾನುವಾರದ ಕೆಲಸ. ಒಂದು ವಾರದಲ್ಲಿ ನೀರು ಎದೆಮಟ್ಟಕ್ಕೆ ಬಂತು, ಎರಡೂ ದಡದ ಬಾವಿಗಳು ಏರಿದವು.

ಜಗಳ ಶುರುವಾದದ್ದು ಫೆಬ್ರವರಿಯಲ್ಲಿ. ಮೇಲಿನ ಮನೆಯ ಇಚ್ಚನ ಹತ್ತಿರ (ಹಿರಿಯ ಮುಸ್ಲಿಂ ನೆರೆಯವರನ್ನು ನಮ್ಮಲ್ಲಿ ಗೌರವದಿಂದ ಕರೆಯುವುದು ಹಾಗೆ) ಐದು ಎಚ್‌ಪಿ ಪಂಪಿದೆ. ಅವರು ರಾತ್ರಿ ಇಡೀ ಓಡಿಸಿದರೆ ಬೆಳಿಗ್ಗೆ ಕಟ್ಟದಲ್ಲಿ ಮೀನು ಒದ್ದಾಡುತ್ತಿತ್ತು. ಕಟ್ಟದ ಕೆಳಗಿನವರು "ನಮಗೆ ಬರುವ ನೀರು ನಿಲ್ಲಿಸಿದಿರಿ" ಅಂತ ಬಂದರು. ಅವರ ಮಾತೂ ಸರಿಯೇ. ಹೆಚ್ಚಾದದ್ದನ್ನು ಹಂಚಿಕೊಳ್ಳಿ ಅಂತ ಕೋರ್ಸಿನಲ್ಲಿ ಬರೆದುಕೊಂಡಿದ್ದೆ, ಕಡಿಮೆ ಇದ್ದಾಗ ಏನು ಮಾಡಬೇಕು ಅಂತ ಬರೆದುಕೊಂಡಿರಲಿಲ್ಲ. ಇಚ್ಚನ ಮನೆಯ ಜಗಲಿಯಲ್ಲಿ ಕೂತು ಮೂರು ಸಲ ಮಾತಾಡಿದೆವು. ಮೂರನೇ ಸಲ ದಾರಿ ಸಿಕ್ಕಿತು, ಹುಡುಕಿದ್ದು ಇಚ್ಚನೇ. ಕಟ್ಟದ ಬುಡದಲ್ಲಿ ಒಂದು ಪೈಪು, ಅದನ್ನು ಯಾರೂ ಮುಚ್ಚುವ ಹಾಗಿಲ್ಲ, ಅದು ಕೆಳಗಿನವರದ್ದು. ಪಂಪಿಗೆ ಮನೆಗಿಷ್ಟು ಗಂಟೆ. ಅಡಿಕೆ ಮರದ ತುಂಡಿನಲ್ಲಿ ಒಂದು ಗೆರೆ ಕೊರೆದಿದೆ, ನೀರು ಅದಕ್ಕಿಂತ ಇಳಿದರೆ ಎಲ್ಲರ ಪಂಪೂ ಬಂದ್.

ಈಗ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, ಗಣಿತ ಟೀಚರ್ ಅಂತ. ಈ ಸಲದ ಕಟ್ಟ ಡಿಸೆಂಬರ್ ಎರಡನೇ ಭಾನುವಾರ. ಶೀಟು ಇಚ್ಚ ತರುತ್ತಾರೆ, ಚೀಲ ಅಣ್ಣನದ್ದು. ಚಹಾ, ಅವಲಕ್ಕಿ ನಮ್ಮ ಮನೆಯಿಂದ. ಚೀಲಕ್ಕೆ ತುಂಬುವ ಮಣ್ಣು ಎಲ್ಲಿಂದ ಅಂತ ಮೊನ್ನೆ ಮಾತು ಬಂದಾಗ ಅಣ್ಣ ನನ್ನ ಕಡೆ ನೋಡಿ ನಕ್ಕರು. "ಟೀಚರ್ ಕೊಟ್ಟದ್ದು ಇನ್ನೂ ಒಂದು ರಾಶಿ ಇದೆ."