ನೀರು ನಿಂತ ಮೂಲೆಗಳು: ನನ್ನ ಹವಳದ ಟ್ಯಾಂಕಿಗೆ ಸೆಳವು ತಂದ ಬಗೆ

ಮನೆಯಲ್ಲಿ ಉಪ್ಪುನೀರಿನ ಗಾಜಿನ ಟ್ಯಾಂಕಿನಲ್ಲಿ ಹವಳ ಸಾಕುತ್ತೇನೆ. ಏನೋ ಸರಿಯಿಲ್ಲವೆಂದು ಮೊದಲು ತೋರಿಸಿದ್ದು ಲೆದರ್ ಕೋರಲ್. ನಾಯಿಕೊಡೆಯಂತೆ ಅರಳಿ ನಿಲ್ಲುವ ಮೆದು ಹವಳ ಅದು. ಮೇಲೆಲ್ಲ ಸಣ್ಣ ಸಣ್ಣ ಕೈಗಳು. ಆಗಾಗ ಕೈಗಳನ್ನೆಲ್ಲ ಒಳಗೆಳೆದುಕೊಂಡು ಮೈಮೇಲೆ ಮೇಣದಂಥ ಪೊರೆ ಬಿಡುತ್ತದೆ. ನಾಲ್ಕೈದು ದಿನಕ್ಕೆ ಪೊರೆ ಕಳಚಿ ನೀರಲ್ಲಿ ಹೋಗಿ ಮತ್ತೆ ಅರಳಬೇಕು. ನನ್ನದು ಎರಡು ವಾರ ಕಳೆದರೂ ಅರಳಲಿಲ್ಲ. ಹತ್ತಿರ ಬಗ್ಗಿ ನೋಡಿದರೆ ಪೊರೆಯ ಒಂದಂಚು ಎದ್ದಿತ್ತು, ಉಳಿದದ್ದು ಅಂಟಿಕೊಂಡೇ ಇತ್ತು, ಅದರ ಮೇಲೆ ಪಾಚಿ ಹತ್ತಲು ಶುರುವಾಗಿತ್ತು. ಸಿರಿಂಜಿನಿಂದ ಮೆಲ್ಲಗೆ ನೀರು ಊದಿದೆ. ಪೊರೆ ಹಾಳೆಯ ಹಾಗೆ ಬಿಚ್ಚಿಕೊಂಡು ತೇಲಿತು. ನಾನು ಸಿರಿಂಜಿನಲ್ಲಿ ಮಾಡಿದ ಕೆಲಸ ಸಮುದ್ರದಲ್ಲಿ ಸೆಳವು ಮಾಡುವಂಥದ್ದು. ನನ್ನ ಟ್ಯಾಂಕಿನಲ್ಲಿ ಆ ಸೆಳವು ಇರಲಿಲ್ಲ.

ಟ್ಯಾಂಕ್ ಮೂರು ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಒಟ್ಟು ಅಳತೆ 190 ಲೀಟರ್, ಕಲ್ಲು ಮರಳು ಕಳೆದರೆ ನೀರು 160 ಲೀಟರ್ ಇರಬಹುದು. ಬೆಂಗಳೂರಿನ ರಾಜಾಜಿನಗರದ ಮನೆಯ ಹಾಲಿನಲ್ಲಿದೆ. ಒಳಗಿರುವುದು ಝೋವಾ, ಮಶ್ರೂಮ್, ಲೆದರ್ ಎಂಬ ಮೆದು ಜಾತಿಯ ಹವಳಗಳು. ಎಲ್ಲವೂ ಇದೇ ಹವ್ಯಾಸದವರು ತಮ್ಮ ಟ್ಯಾಂಕಿನಲ್ಲಿ ಬೆಳೆಸಿ, ತುಂಡು ಮಾಡಿ ಕೊಟ್ಟವು. ಗಟ್ಟಿ ಹವಳ ನನ್ನಲ್ಲಿಲ್ಲ. ದಿಬ್ಬ ಕಟ್ಟುವ ಹವಳಗಳಿಗೂ ಬೀಸಣಿಗೆಯಂತೆ ಹರಡುವ ಸೀ ಫ್ಯಾನ್‌ಗಳಿಗೂ ನಮ್ಮಲ್ಲಿ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದ ರಕ್ಷಣೆಯಿದೆ, ಹುಲಿಗೆ ಇರುವಂಥದ್ದೇ ರಕ್ಷಣೆ. ನಮ್ಮ ಕಡಲಿಂದ ಕಿತ್ತು ತಂದದ್ದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ದಯವಿಟ್ಟು ಕೊಳ್ಳಬೇಡಿ.

ಗಾಳಿಯಾಡದ ಕಡೆ ಒದ್ದೆ ಬಟ್ಟೆ ಒಣಗುವುದಿಲ್ಲವಲ್ಲ, ಹವಳದ ಕಥೆಯೂ ಅದೇ. ಅದರ ಮೈಗೆ ಅಂಟಿಕೊಂಡು ನೀರಿನ ತೆಳುವಾದ ಒಂದು ನಿಂತ ಪದರ ಇರುತ್ತದೆ. ಉಸಿರಾಟ, ಆಹಾರ, ಮೈಯ ಹೊಲಸು ಎಲ್ಲವೂ ಆ ಪದರ ದಾಟಿಯೇ ಹೋಗಿ ಬರಬೇಕು. ಸೆಳವು ಜೋರಾದಷ್ಟೂ ಪದರ ತೆಳುವಾಗುತ್ತದೆ. ಹವಳಕ್ಕೆ ನಡೆದು ಹೋಗಿ ಊಟ ಹುಡುಕಲು ಕಾಲಿಲ್ಲ, ಮೈ ತೊಳೆದುಕೊಳ್ಳಲು ಆ ಸಣ್ಣ ಕೈಗಳಿಂದ ಆಗದು. ನೀರೇ ಬರಬೇಕು.

ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ ಒಂದೇ: "ಸರ್, ಇನ್ನೊಂದು ದೊಡ್ಡ ಪಂಪ್ ಹಾಕ್ಬಿಡಿ." ತೋರಿಸಿದ ವೇವ್‌ಮೇಕರಿನ (ಟ್ಯಾಂಕಿನೊಳಗೇ ನೀರನ್ನು ತಳ್ಳಿ ಸೆಳವು ಎಬ್ಬಿಸುವ ಪಂಪ್) ಬೆಲೆ ನನ್ನ ಟ್ಯಾಂಕಿನ ಬೆಲೆಗಿಂತ ಹೆಚ್ಚು. ಬರಿಗೈಲಿ ಮನೆಗೆ ಬಂದೆ. ನೀರು ಎಲ್ಲಿ ಓಡುತ್ತಿದೆ, ಎಲ್ಲಿ ನಿಂತಿದೆ ಅನ್ನುವುದೇ ಗೊತ್ತಿಲ್ಲದೆ ದುಡ್ಡು ಸುರಿಯಲು ಮನಸ್ಸಾಗಲಿಲ್ಲ.

ಹೊಸ ತೆಂಗಿನ ಕಡ್ಡಿಯೊಂದನ್ನು ತೊಳೆದುಕೊಂಡೆ. ಅಮ್ಮನ ಹೂವಿನ ಬುಟ್ಟಿಯಿಂದ ಹೂ ಕಟ್ಟುವ ಬಿಳಿ ದಾರ ತೆಗೆದು, ಎರಡೆರಡು ಇಂಚಿನ ತುಂಡುಗಳನ್ನು ಕಡ್ಡಿಯ ಉದ್ದಕ್ಕೂ ಕಟ್ಟಿದೆ. ರಾತ್ರಿ ದೀಪ ಆರಿಸಿ, ಟಾರ್ಚ್ ಹಿಡಿದು, ಕಡ್ಡಿಯನ್ನು ಒಂದೊಂದೇ ಜಾಗದಲ್ಲಿ ಇಳಿಸಿದೆ. ಪಂಪಿನ ಬಾಯೆದುರು ದಾರ ಪಟಪಟ ಹೊಡೆದುಕೊಂಡಿತು. ಒಂದು ಗೇಣು ಪಕ್ಕಕ್ಕೆ ಸರಿಸಿದರೆ ನೇತುಬಿದ್ದಿತು. ಕಾಗದದ ಮೇಲೆ ಟ್ಯಾಂಕ್ ಬರೆದು ಹನ್ನೆರಡು ಜಾಗ ಗುರುತು ಮಾಡಿದೆ. ಐದು ಕಡೆ ದಾರ ಅಲುಗಲೇ ಇಲ್ಲ. ಅವುಗಳಲ್ಲಿ ಮೂರು ಕಲ್ಲಿನ ರಾಶಿಯ ಹಿಂದೆ. ಕೆಂಪು ಲೋಳೆಪಾಚಿ ಹಬ್ಬಿದ್ದು ಅದೇ ಜಾಗಗಳಲ್ಲಿ. ತಿಂಗಳುಗಟ್ಟಲೆ ಉಜ್ಜಿ ತೆಗೆದ ಪಾಚಿ ಯಾಕೆ ಅಲ್ಲೇ ಮತ್ತೆ ಮತ್ತೆ ಬರುತ್ತಿತ್ತೆಂದು ಆ ರಾತ್ರಿ ತಿಳಿಯಿತು. ಖರ್ಚು ಸೊನ್ನೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಉಪಕರಣ ಈ ಕಡ್ಡಿಯೇ.

ಮಾರನೇ ದಿನ ಇದ್ದ ಪಂಪಿನ ತಪಾಸಣೆ. ಟ್ಯಾಂಕಿನ ಕೆಳಗಿರುವ ಸಣ್ಣ ತೊಟ್ಟಿಯಿಂದ, ಅಂದರೆ ಸಂಪಿನಿಂದ, ನೀರನ್ನು ಮೇಲೆ ತಳ್ಳುವ ರಿಟರ್ನ್ ಪಂಪ್ ಅದು. ಡಬ್ಬದ ಮೇಲೆ ಗಂಟೆಗೆ 2000 ಲೀಟರ್ ಎಂದಿದೆ. ಪೈಪಿನ ಬಾಯನ್ನು ಟ್ಯಾಂಕಿನ ಎತ್ತರದಲ್ಲೇ ಹತ್ತು ಲೀಟರಿನ ಬಕೆಟ್ಟಿಗೆ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ. ತುಂಬಲು 45 ಸೆಕೆಂಡ್, ಅಂದರೆ ಗಂಟೆಗೆ 800 ಲೀಟರ್. ಡಬ್ಬದ ಲೆಕ್ಕ ಪಂಪಿನ ಬಾಯಲ್ಲೇ ಅಳೆದದ್ದು. ನೀರು ಮೇಲಕ್ಕೆ ಏರಿದಷ್ಟೂ, ಪೈಪ್ ತಿರುಗಿದಷ್ಟೂ ಅದು ಇಳಿಯುತ್ತದೆ. ಆದರೂ ಅರ್ಧಕ್ಕಿಂತ ಕಡಿಮೆ ಅಂದರೆ ಹೊಟ್ಟೆ ಉರಿಯಿತು.

ಪಂಪ್ ಬಿಚ್ಚಿದರೆ ಒಳಗಿನ ಚಕ್ರದ ಮೇಲೆ ಸುಣ್ಣದ ಗಟ್ಟಿ ಪೊರೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಎರಡು ದೊಡ್ಡ ಚಮಚ, ಒಂದು ಲೀಟರ್ ಉಗುರುಬೆಚ್ಚನೆ ನೀರು. ಬಿಚ್ಚಿದ ಭಾಗಗಳನ್ನು ಅದರಲ್ಲಿ ಹಾಕಿದೊಡನೆ ಗುಳ್ಳೆ ಏಳತೊಡಗಿತು. ಒಂದು ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ನೀರಲ್ಲಿ ಚೆನ್ನಾಗಿ ಜಾಲಿಸಿ ಜೋಡಿಸಿದೆ. ಬಕೆಟ್ 36 ಸೆಕೆಂಡಿಗೆ ತುಂಬಿತು. ಆಮೇಲೆ ಪೈಪಿನ ದಾರಿ ನೋಡಿದೆ. ಅರ್ಧ ಇಂಚಿನ ಪೈಪ್, ಮೂರು ಎಲ್ಬೋ. ಅವನ್ನು ತೆಗೆದು ಮುಕ್ಕಾಲು ಇಂಚಿನ ಮೆದು ಹೋಸ್ ಹಾಕಿ, ಒಂದೇ ದೊಡ್ಡ ಬಳುಕಿನಲ್ಲಿ ಮೇಲೆ ತಂದೆ. 30 ಸೆಕೆಂಡ್. ಗಂಟೆಗೆ 800 ಇದ್ದದ್ದು 1200 ಆಯಿತು, ಹೊಸ ಪಂಪ್ ಕೊಳ್ಳದೆ. ಈಗ ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ಸ್ನಾನ ತಪ್ಪಿಸುವುದಿಲ್ಲ.

ಪೈಪಿಗೆ ಕೈ ಹಾಕುವವರು ಒಂದು ವಿಷಯ ನೆನಪಿಡಿ. ಪೈಪಿನ ಬಾಯಿ ನೀರಿನೊಳಗೆ ಆಳದಲ್ಲಿದ್ದರೆ, ಕರೆಂಟ್ ಹೋದೊಡನೆ ಟ್ಯಾಂಕಿನ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಇಳಿದು ಸಂಪ್ ತುಂಬಿ ಹಾಲಿನ ತುಂಬ ಹರಿಯುತ್ತದೆ. ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಮಟ್ಟ ಇಳಿದು ಗಾಳಿ ಒಳಹೊಕ್ಕ ಕೂಡಲೇ ಹಿಮ್ಮುಖ ಹರಿವು ನಿಲ್ಲುತ್ತದೆ. ತೂತಿನಲ್ಲಿ ಪಾಚಿ ಕಟ್ಟಿದೆಯೇ ಎಂದು ವಾರಕ್ಕೊಮ್ಮೆ ಕಡ್ಡಿ ಆಡಿಸಿ ನೋಡುತ್ತೇನೆ.

ಕಲ್ಲುಗಳಿಗೆ ಒಂದು ಇಡೀ ಭಾನುವಾರ ಹೋಯಿತು. ಮೊದಲು ಜೋಡಿಸಿದಾಗ ಹಿಂದಿನ ಗಾಜಿಗೆ ಒರಗಿಸಿ ಗೋಡೆಯ ಹಾಗೆ ಪೇರಿಸಿದ್ದೆ. ನೋಡಲು ಬೆಟ್ಟದಂತೆ ಚೆನ್ನಾಗಿತ್ತು, ನೀರಿಗೆ ಮಾತ್ರ ಅದು ಅಣೆಕಟ್ಟೇ ಆಗಿತ್ತು. ಮೀನು, ಹವಳಗಳನ್ನು ಅದೇ ನೀರಿನ ಬಕೆಟ್ಟುಗಳಿಗೆ ಸಾಗಿಸಿ, ಕಲ್ಲನ್ನೆಲ್ಲ ಎತ್ತಿ, ಅಡಿಗೆ ಪಿವಿಸಿ ಪೈಪಿನ ಎರಡಿಂಚಿನ ತುಂಡುಗಳನ್ನು ಕಾಲಿನಂತೆ ಕೊಟ್ಟೆ. ರಾಶಿಯನ್ನು ಎರಡು ದಿಬ್ಬ ಮಾಡಿ ನಡುವೆ ಕಮಾನು ಬಿಟ್ಟೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ಅಂಗೈ ತೂರುವಷ್ಟು ಸಂದು. ಹಳೆಯ ರಾಶಿಯ ಹಿಂದಿನಿಂದ ಎದ್ದ ಕಂದು ಕೊಳೆ ನೋಡಿ ಬೇಸರವಾಯಿತು; ಅಷ್ಟನ್ನು ಇಟ್ಟುಕೊಂಡು ಮೀನು, ಹವಳಗಳು ಬದುಕಿದ್ದವು ಪಾಪ. ಆ ಕೊಳೆಯ ಜೊತೆ 30 ಲೀಟರ್ ನೀರು ತೆಗೆದು ಹೊಸ ಉಪ್ಪುನೀರು ಹಾಕಿದೆ. ಮತ್ತೆ ಕಡ್ಡಿ ಇಳಿಸಿದರೆ ದಾರ ಅಲುಗದ ಜಾಗ ಐದರಿಂದ ಮೂರಕ್ಕೆ ಇಳಿದಿತ್ತು.

ಉಳಿದ ಮೂರು ಜಾಗಕ್ಕೂ ಹರಿವು ತರಲು ಹೋಗಿ ಒಂದು ತಪ್ಪು ಮಾಡಿದೆ. ಅಗ್ಗಕ್ಕೆ ಸಿಗುತ್ತದೆಂದು ಏರ್ ಕೂಲರಿನ 18 ವಾಟಿನ ಪಂಪ್ ತಂದು ಮುಳುಗಿಸಿದೆ. ಹರಿವೇನೋ ಬಂತು. ಆರನೇ ವಾರ ಗಾಜು ಒರೆಸಲು ಕೈ ಹಾಕಿದಾಗ ಬೆರಳಿನ ಗಾಯದಲ್ಲಿ ಜುಂ ಎಂದಿತು. ಪ್ಲಗ್ ಕಿತ್ತು ಪಂಪ್ ಎತ್ತಿದರೆ ಸ್ಕ್ರೂಗಳೆಲ್ಲ ತುಕ್ಕು, ಕೇಬಲ್ ಒಳಹೋಗುವ ಕಡೆ ಬಿರುಕು. ಸಿಹಿನೀರಿಗೆ ಮಾಡಿದ ವಸ್ತುವನ್ನು ಉಪ್ಪುನೀರು ತಿಂದುಹಾಕಿತ್ತು. ಅದೇ ವಾರ ಎಲೆಕ್ಟ್ರಿಷಿಯನ್ ಕರೆಸಿ ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್, ಹಾಕಿಸಿದೆ. ಎಲ್ಲಿ ಬೇಕಾದರೂ ಉಳಿಸಿ, ಅದರಲ್ಲಿ ಉಳಿಸಬೇಡಿ. ವೈರುಗಳೂ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಮೇಲೇರಬೇಕು. ಆಗ ವೈರ್ ಹಿಡಿದು ಬರುವ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಕೊನೆಗೆ ಕೊಂಡದ್ದು ಉಪ್ಪುನೀರಿಗೆಂದೇ ಮಾಡಿದ, ಫ್ಯಾನಿನಂಥ ಎಲೆಗಳಿರುವ ಸಾದಾ ವೇವ್‌ಮೇಕರ್: ಗಂಟೆಗೆ 3000 ಲೀಟರ್, 6 ವಾಟ್, ಸಾವಿರದ ಇನ್ನೂರು ರೂಪಾಯಿ. ಕೂಲರ್ ಪಂಪ್ ನೀರನ್ನು ಪಿಚಕಾರಿಯಂತೆ ಸಣ್ಣ ಧಾರೆಯಾಗಿ ಬಿಡುತ್ತದೆ, ಧಾರೆಗೆ ಸಿಕ್ಕ ಝೋವಾ ಮುಚ್ಚಿಕೊಳ್ಳುತ್ತದೆ. ಇದು ಅಗಲವಾಗಿ, ಮೆತ್ತಗೆ ತಳ್ಳುತ್ತದೆ. ವಾಟ್ ಕಡಿಮೆಯಾದ್ದರಿಂದ ನೀರಿಗೆ ಸೇರುವ ಬಿಸಿಯೂ ಕಡಿಮೆ. ಏಪ್ರಿಲ್‌ನಲ್ಲಿ ಟ್ಯಾಂಕನ್ನು 27 ಡಿಗ್ರಿಯ ಒಳಗೆ ಇಡಲು ಒದ್ದಾಡುವವರಿಗೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೆ ಮನೆಯ ಇನ್ವರ್ಟರ್‌ನಲ್ಲಿ ರಾತ್ರಿಯಿಡೀ ಓಡುತ್ತದೆ. ನಮ್ಮ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಗೊಂಯ್ ಎನ್ನುತ್ತಿತ್ತು, ಸೈನ್ ವೇವ್ ಬಂದ ಮೇಲೆ ನಿಂತಿತು.

ವೇವ್‌ಮೇಕರನ್ನು ಎಲ್ಲಿ ಅಂಟಿಸಬೇಕೆಂದು ಹೇಳಿಕೊಟ್ಟದ್ದು ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಒಮ್ಮೆ ಅಲ್ಲಿ ಮುಳುಗಿದ್ದೆ. ಬಂಡೆಗಳ ಬಳಿ ನೀರು ಒಂದೇ ಕಡೆಯಿಂದ ಹೊಡೆಯುತ್ತಿರಲಿಲ್ಲ. ಇಡೀ ನೀರೇ ತೊಟ್ಟಿಲಿನಂತೆ ಅತ್ತ ತೂಗಿ ಇತ್ತ ಬರುತ್ತಿತ್ತು, ನಾನೂ ಮೀನುಗಳೂ ಜೊತೆಗೇ ತೂಗುತ್ತಿದ್ದೆವು. ಅದನ್ನು ನೆನೆದು ವೇವ್‌ಮೇಕರನ್ನು ಕಲ್ಲಿನ ಕಡೆ ತಿರುಗಿಸದೆ, ಎಡಗಡೆಯ ಗಾಜಿನಲ್ಲಿ ನೀರಿನ ಮೇಲ್ಮೈಗೆ ಹತ್ತಿರ, ಉದ್ದಕ್ಕೆ ಮುಖ ಮಾಡಿ ಇಟ್ಟೆ. ನೀರು ಮೇಲಿಂದ ಬಲಗಡೆಯ ಗಾಜು ಮುಟ್ಟಿ, ಕೆಳಗಿಳಿದು, ಕಮಾನಿನೊಳಗಿಂದ ವಾಪಸ್ ಬರುತ್ತದೆ. ಎರಡು ತಿಂಗಳ ನಂತರ ಅಂಥದ್ದೇ ಇನ್ನೊಂದನ್ನು ಬಲಗಡೆಗೆ ಹಾಕಿ, ಎರಡಕ್ಕೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಿಂದ ತಂದ ಸಾದಾ ಟೈಮರ್ ಕೊಟ್ಟೆ. ಆರು ಗಂಟೆ ಎಡಗಡೆಯದು, ಆರು ಗಂಟೆ ಬಲಗಡೆಯದು. ಭರತ ಇಳಿತದ ಹಾಗೆ. ನಿಮಿಷಕ್ಕೊಮ್ಮೆ ನಿಲ್ಲಿಸಿ ಓಡಿಸುವ ಆಸೆ ನನಗೂ ಇತ್ತು. ಆದರೆ ಈ ಅಗ್ಗದ ಪಂಪ್‌ಗಳು ಪ್ರತಿ ಸಲ ಶುರುವಾಗುವಾಗ ಕಟಕಟ ಎಂದು ಒದರಿ ಬೇಗ ಸವೆಯುತ್ತವೆ.

ಲೆದರ್ ಕೋರಲ್ ಈಗಲೂ ಮುಖ ಮುಚ್ಚುತ್ತದೆ, ನಾಲ್ಕನೇ ದಿನಕ್ಕೆ ಪೊರೆ ತಾನಾಗಿ ಕಳಚಿ ಅರಳುತ್ತದೆ. ಬಲಗಡೆಯ ಹಿಂದಿನ ಮೂಲೆಯಲ್ಲಿ ಮಾತ್ರ ದಾರ ಇನ್ನೂ ಅಲುಗದೆ ನೇತುಬಿದ್ದಿರುತ್ತದೆ. ಅಲ್ಲಿ ಯಾವ ಹವಳವನ್ನೂ ಇಟ್ಟಿಲ್ಲ. ಭಾನುವಾರ ಬೆಳಿಗ್ಗೆ ಸಿರಿಂಜಿನಿಂದ ಊದಿ, ಎದ್ದ ಕೊಳೆಯನ್ನು ಪೈಪಿನಲ್ಲಿ ಹೀರಿ ತೆಗೆಯುತ್ತೇನೆ.