ಬಿಸಿಲಿಗೆ ಗೆರೆ ಎಳೆದ ವರ್ಷ

ಮಲ್ಲೇಶ್ವರದ ಈ ಬಾಡಿಗೆ ಮನೆಗೆ ನಾವು ಬಂದದ್ದು 2023ರ ಡಿಸೆಂಬರ್‌ನಲ್ಲಿ. ಮೊದಲ ಮಹಡಿ, ತಲೆ ಮೇಲೆ ಟೆರೇಸ್. ಕಾಲಾಡಿ ಕಾಲಾಡಿ ನುಣುಪಾದ ಹಳೇ ರೆಡ್ ಆಕ್ಸೈಡ್ ನೆಲ. ಹಾಲ್‌ಗೆ ಎರಡು ಕಿಟಕಿ, ಒಂದು ದಕ್ಷಿಣಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಮನೆ ನೋಡಲು ಬಂದಾಗ ಬೆಳಗ್ಗೆ ಹತ್ತು ಗಂಟೆ. ದಕ್ಷಿಣದ ಕಿಟಕಿಯಿಂದ ಬಿಸಿಲು ನಾಲ್ಕು ಅಡಿ ಒಳಗೆ ಬಂದು ಕೆಂಪು ನೆಲದ ಮೇಲೆ ಹರಡಿಕೊಂಡಿತ್ತು. ಅದನ್ನು ನೋಡಿಯೇ ನಾನು ಮನೆ ಒಪ್ಪಿಕೊಂಡೆ. ಬೆತ್ತದ ಕುರ್ಚಿ ಇಲ್ಲೇ, ಪುಸ್ತಕದ ಶೆಲ್ಫ್ ಇಲ್ಲೇ ಅಂತ ಅವತ್ತೇ ತೀರ್ಮಾನ ಆಗಿಹೋಯಿತು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಬಿಸಿಲು ಕುರ್ಚಿಯ ಕಾಲು ಬಿಟ್ಟು ಕಿಟಕಿಯ ಕಡೆಗೆ ಸರಿದಿತ್ತು. ಉತ್ತರಾಯಣ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಎಳ್ಳು ಬೆಲ್ಲ ಬೀರಿದ್ದೆ. ಆದರೆ ಅದನ್ನು ನೆಲದ ಮೇಲೆ ಕಣ್ಣಾರೆ ನೋಡಿದ್ದು ಆಗಲೇ. ಮಗಳ ಡಬ್ಬಿಯಿಂದ ಒಂದು ಚಾಕ್‌ಪೀಸ್ ತೆಗೆದು ಬಿಸಿಲಿನ ಅಂಚಿಗೆ ಗೆರೆ ಎಳೆದೆ. ಪಕ್ಕದಲ್ಲಿ ತಾರೀಕು, ಗಂಟೆ ಬರೆದೆ.

ಹದಿನಾಲ್ಕು ವರ್ಷದಿಂದ ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತಿದ್ದೇನೆ. ಬೇರೆಯವರ ಮನೆ ಅಳತೆ ಮಾಡುವಾಗ ಗೋಡೆ, ಬಾಗಿಲು, ಪ್ಲಗ್ ಪಾಯಿಂಟ್ ಎಲ್ಲ ಬರೆದುಕೊಳ್ಳುತ್ತೇನೆ. ಬಿಸಿಲನ್ನು ಮಾತ್ರ ಒಂದೇ ದಿನ ನೋಡಿ ಬಂದಿರುತ್ತಿದ್ದೆ. ಆದರೆ ಮನೆಯಲ್ಲಿ ಇರುವವರು ವರ್ಷಪೂರ್ತಿ ಇರಬೇಕು, ಅಲ್ವಾ? ಆವತ್ತಿನಿಂದ ಒಂದು ವರ್ಷ, ತಿಂಗಳಿಗೆ ಎರಡು ಸಲ, ಬೆಳಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಗೆರೆ ಎಳೆದೆ. ಚಾಕ್‌ಪೀಸನ್ನು ನೀರಲ್ಲಿ ಅದ್ದಿ ಬರೆದರೆ ಗಟ್ಟಿಯಾಗಿ ಕೂರುತ್ತದೆ. ಮನೆಕೆಲಸಕ್ಕೆ ಬರುವ ಅಕ್ಕ ಮೊದಲ ತಿಂಗಳು ಒರೆಸಿಬಿಟ್ಟರು. ಆಮೇಲೆ ಅವರೇ "ಈ ಸಲ ಇನ್ನೂ ಹಿಂದೆ ಹೋಗಿದೆ ನೋಡಿ" ಅಂತ ತೋರಿಸುತ್ತಿದ್ದರು. ನೆಲದಲ್ಲಿದ್ದದ್ದನ್ನು ಕಾಗದದ ಮೇಲೂ ಗುರುತು ಹಾಕಿಕೊಂಡೆ.

ಮಾರ್ಚ್ ಮುಗಿಯುವಾಗ ದಕ್ಷಿಣದ ಗೆರೆ ಕಿಟಕಿಯ ಗೋಡೆಗೆ ಅಂಟಿಕೊಂಡಿತ್ತು. ಏಪ್ರಿಲ್‌ನಲ್ಲಿ ಎಳೆಯಲು ಏನೂ ಇರಲಿಲ್ಲ. ಏಪ್ರಿಲ್ 24ರ ಮಧ್ಯಾಹ್ನ 12.20ರ ಆಸುಪಾಸು ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಒಂಚೂರು ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಯಿಂದ ಬರುವುದು ಬರೀ ಬೆಳಕು, ಬಿಸಿಲಲ್ಲ. ಓದಲು, ಹೊಲಿಯಲು ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ನನ್ನ ಡ್ರಾಯಿಂಗ್ ಟೇಬಲ್ ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತದೆ, ಕುರ್ಚಿ ಹಾಲ್‌ನ ಮಧ್ಯಕ್ಕೆ ಬರುತ್ತದೆ.

ತೊಂದರೆ ಇದ್ದದ್ದು ಪಶ್ಚಿಮದಲ್ಲಿ. ಏಪ್ರಿಲ್‌ನ ಸಂಜೆ ನಾಲ್ಕಕ್ಕೆ ಬಿಸಿಲು ಏಳು ಅಡಿ ಒಳಗೆ, ಐದಕ್ಕೆ ಎದುರು ಗೋಡೆಯವರೆಗೆ. ಸಜ್ಜಾ ಇದ್ದರೂ ಪ್ರಯೋಜನ ಇಲ್ಲ, ಓರೆ ಬಿಸಿಲು ಅದರ ಕೆಳಗಿನಿಂದ ನುಗ್ಗುತ್ತದೆ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರು. 2024ರ ಬೇಸಿಗೆಯೂ ಮರೆಯುವಂಥದ್ದಲ್ಲ. ಬಿಸಿಲು ಒಂದು ಕಡೆ, ನಲ್ಲಿಯಲ್ಲಿ ನೀರಿಲ್ಲದ್ದು ಇನ್ನೊಂದು ಕಡೆ. ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. ಒದ್ದೆ ಲಾವಂಚದ ಆ ವಾಸನೆಗೆ ಮನಸ್ಸೇ ತಣ್ಣಗಾಗುತ್ತದೆ. ಆದರೆ ಟ್ಯಾಂಕರ್‌ಗೆ ಕಾಯುವ ಬೀದಿಯಲ್ಲಿ ಪರದೆಗೆ ನೀರು ಹಾಕಲು ಕೈ ಬರಲಿಲ್ಲ.

ಬದಲಿಗೆ ಬ್ಯಾಂಬೂ ಬಜಾರ್‌ಗೆ ಹೋಗಿ ಬಿದಿರಿನ ಪರದೆ ಮಾಡಿಸಿದೆ. ಅದನ್ನು ಕಿಟಕಿಯ ಹೊರಗೆ ಕಟ್ಟಿಸಿದೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಬಹಳ ಜನ ಒಳಗೆ ದಪ್ಪ ಪರದೆ ಹಾಕಿ ಸುಮ್ಮನಾಗುತ್ತಾರೆ. ಬಿಸಿಲು ಗಾಜು ದಾಟಿ ಒಳಗೆ ಬಂದಮೇಲೆ ಪರದೆ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ಹೊರಗೇ ತಡೆದರೆ ಬಿದಿರು ಕಾಯುತ್ತದೆ, ಮನೆ ಕಾಯುವುದಿಲ್ಲ. ಬಿದಿರಿನ ಸಂದಿಯಿಂದ ಬರುವ ಗೀರುಗೀರು ಬೆಳಕು ಕೆಂಪು ನೆಲದ ಮೇಲೆ ಬೀಳುವಾಗ ನೋಡಬೇಕು! ಆ ಹೊತ್ತಿಗೆ ಗೋಡೆ ಮೇಲೆ ಚಿತ್ರವೇ ಬೇಡ ಅನಿಸುತ್ತದೆ.

ಮನೆ ಮಾಲೀಕರನ್ನು ಕೇಳಿ ಟೆರೇಸ್‌ಗೆ ಸುಣ್ಣ ಹೊಡೆಸಿದೆವು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿ ಮತ್ತೆ ಹೊಡೆಸಬೇಕು. ಹತ್ತು ಗಂಟೆಗೆ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಎಲ್ಲ ತೆರೆಯುತ್ತೇವೆ. ನಮ್ಮ ಊರಿನ ಪುಣ್ಯ, ಏಪ್ರಿಲ್‌ನಲ್ಲೂ ರಾತ್ರಿ ಸಾಮಾನ್ಯವಾಗಿ 22 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಸೊಳ್ಳೆ ಜಾಲರಿ ಇಲ್ಲದೆ ಇದು ಆಗದ ಮಾತು, ಅದಕ್ಕೆ ಮೊದಲು ದುಡ್ಡು ಎತ್ತಿಡಿ.

ಬೇಸಿಗೆಗೆ ನಾನು ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತೇನೆ. ಜಮಖಾನ ಸುತ್ತಿ ಅಟ್ಟಕ್ಕೆ. ದಪ್ಪ ಕುಶನ್‌ಗಳು ಟ್ರಂಕ್‌ಗೆ. ಬರಿಗಾಲಿಗೆ ಕೆಂಪು ನೆಲದ ತಂಪು ಸಿಕ್ಕಬೇಕು. ಮೂಲೆಯಲ್ಲಿ ಒಂದು ಮಣ್ಣಿನ ಮಡಕೆ, ಹಿತ್ತಾಳೆ ಉರುಳಿಯಲ್ಲಿ ನೀರು, ಅದರಲ್ಲಿ ಒಂದು ಬೊಗಸೆ ಮಲ್ಲಿಗೆ. ಅಷ್ಟೇ ಸಾಕು. ಕಿಟಕಿಗೆ ತೆಳು ಬಿಳಿ ಮಲ್ ಬಟ್ಟೆ.

ಈ ಮಲ್ ಬಟ್ಟೆಯ ಲೆಕ್ಕ ಹೇಳುತ್ತೇನೆ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕಕ್ಕೆ ತಂದದ್ದು. ರಾಡ್ ಆರು ಅಡಿ ಇದ್ದರೆ ಬಟ್ಟೆಯ ಅಗಲ ಹನ್ನೆರಡು ಅಡಿ ಬೇಕು, ಆಗಲೇ ನೆರಿಗೆ ಚೆನ್ನಾಗಿ ಬೀಳುವುದು. 48 ಇಂಚು ಅಗಲದ ಬಟ್ಟೆಯಾದರೆ ಮೂರು ತುಂಡು. ಮೊದಲ ಸಲ ಆತುರದಲ್ಲಿ ನೆನೆಸದೆ ಹೊಲಿಸಿದೆ. ಏಳೂವರೆ ಅಡಿಯ ಪರದೆ ಒಂದೇ ಒಗೆತಕ್ಕೆ ಮೂರು ಇಂಚು ಗಿಡ್ಡವಾಯಿತು. ಈಗ ಬಟ್ಟೆಯನ್ನು ಒಂದು ರಾತ್ರಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಹಾಕಿದ ಮೇಲೇ ಟೈಲರ್ ಕೈಗೆ ಕೊಡುವುದು.

ಬಣ್ಣದ ವಿಷಯಕ್ಕೆ ನನಗೆ ಬೀದಿಯೇ ಆಧಾರ. ಫೆಬ್ರವರಿ, ಮಾರ್ಚ್‌ನಲ್ಲಿ ಊರು ತುಂಬಾ ಟಬೂಬಿಯಾದ ಗುಲಾಬಿ, ಜಕರಂಡದ ನೇರಳೆ. ಆಮೇಲೆ ಗುಲ್‌ಮೊಹರ್‌ನ ಕೆಂಪು. ಒಂದಾದ ಮೇಲೆ ಒಂದು ಮರ ಹೂ ಬಿಡುವ ಹಾಗೆ ಬೀದಿಗಳಿಗೆ ಮರ ಆರಿಸಿದವರು ಕ್ರುಂಬಿಗಲ್. ಜರ್ಮನಿಯ ಸಸ್ಯತಜ್ಞ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಒಳಾಂಗಣದವಳಾಗಿ ನನಗೆ ಅವರ ಆ ಯೋಚನೆ ತುಂಬಾ ದೊಡ್ಡದು ಅನಿಸುತ್ತದೆ. ಎಲ್ಲ ಬಣ್ಣವನ್ನೂ ಒಟ್ಟಿಗೆ ತೋರಿಸಲಿಲ್ಲ, ಸರದಿ ಹಾಕಿದರು. ನಾನು ಮನೆಯಲ್ಲೂ ಅದನ್ನೇ ಮಾಡುತ್ತೇನೆ. ಗೋಡೆ ವರ್ಷವಿಡೀ ಸುಣ್ಣದ ಬಿಳಿ. ಒಂದು ಕಾಲಕ್ಕೆ ಒಂದೇ ಬಣ್ಣ ಒಳಗೆ ಬರುತ್ತದೆ, ಅದೂ ಕುಶನ್ ಕವರ್‌ನಲ್ಲಿ. ಕವರ್ 16 ಇಂಚಿನದಾದರೆ ಒಳಗಿನ ದಿಂಬು 18 ಇಂಚಿನದಿರಲಿ, ಮೂಲೆಗಳು ತುಂಬಿಕೊಂಡು ಕಾಣುತ್ತವೆ. ಮಾರ್ಚ್‌ನಲ್ಲಿ ನಮ್ಮ ಬೀದಿಯ ಹೊಂಗೆ ಎಲೆ ಉದುರಿಸಿ ಚಿಗುರುತ್ತದಲ್ಲ, ಆ ಎಳೆ ಹಸಿರು ನನಗೆ ಬಹಳ ಇಷ್ಟ. ಆ ಬಣ್ಣದ ಕೈಮಗ್ಗದ ಬಟ್ಟೆಗೆ ಎರಡು ವರ್ಷ ಹುಡುಕಿದೆ. ಸಿಕ್ಕಿದ್ದು ಒಂದು ಹಳೇ ಸೀರೆಯ ಸೆರಗಿನಲ್ಲಿ.

ಡ್ರಾಯರ್‌ಗಳ ಹಿಡಿಗಳು ಮಾತ್ರ ಯಾವಾಗಲೂ ಬಣ್ಣದವೇ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗುಂಡಿಗಳು, ಹಳದಿ ಮತ್ತು ಕೆಂಪು.

ಮಳೆಗಾಲ ಇಲ್ಲಿ ಜೂನ್‌ಗೆ ಶುರುವಾದರೂ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಜೂನ್‌ನಿಂದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಎರಚಲೂ ಅಲ್ಲಿಂದಲೇ. ಬೇಸಿಗೆಯಲ್ಲಿ ಕಾಪಾಡಿದ ಬಿದಿರಿನ ಪರದೆ ಆಗ ಬಿಚ್ಚಿ ಒಳಗಿಡಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಜುಲೈನಲ್ಲಿ ಮಲಗುವ ಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿದುಕೊಂಡಿತು. ಅಂಚು ಹೆರೆಸೋಣ ಅಂತ ನಮ್ಮ ಬಡಗಿ ಮೇಸ್ತ್ರಿಯನ್ನು ಕರೆದೆ. ಅವರು ಬಾಗಿಲಿನ ಮೇಲೆ ಕೈಯಾಡಿಸಿ, "ಈಗ ಬೇಡ ಮೇಡಂ. ಮರ ನೀರು ಕುಡಿದಿದೆ. ಈಗ ಹೆರೆದ್ರೆ ಜನವರೀಲಿ ಬೆರಳು ತೂರೋಷ್ಟು ಸಂದಿ ಬೀಳುತ್ತೆ. ಸ್ವಲ್ಪ ಮೇಣ ಉಜ್ಜಿ, ತಡ್ಕೊಳ್ಳಿ" ಅಂದರು. ಮೇಣದಬತ್ತಿ ಉಜ್ಜಿ ತಡೆದುಕೊಂಡೆವು. ಡಿಸೆಂಬರ್‌ಗೆ ಬಾಗಿಲು ತಾನಾಗೇ ಸರಿಹೋಯಿತು. ಕೂಲಿ ಬಿಟ್ಟು ಬುದ್ಧಿ ಕೊಟ್ಟು ಹೋದ ಅವರಿಗೆ ನಾನು ಋಣಿ.

ವಾರ್ಡ್‌ರೋಬ್ ವಿಷಯದಲ್ಲಿ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅದನ್ನು ಪಶ್ಚಿಮದ ಹೊರಗೋಡೆಗೆ ಅಂಟಿಸಿ ನಿಲ್ಲಿಸಿದ್ದೆ. ಜಾಗ ಉಳಿಯಲಿ ಅಂತ. 2024ರ ಅಕ್ಟೋಬರ್ ಮಳೆ ನಿಮಗೂ ನೆನಪಿರಬೇಕು. ಒಂದು ದಿನ ರೇಷ್ಮೆ ಸೀರೆ ತೆಗೆಯಲು ಬಾಗಿಲು ತೆರೆದರೆ ಮುಗ್ಗುಲು ವಾಸನೆ. ಹಿಂದಿನ ಹಲಗೆ ತುಂಬಾ ಬೂಷ್ಟು. ಅಮ್ಮನ ಮದುವೆ ಸೀರೆಯ ಮಡಿಕೆಯಲ್ಲೂ ಬಿಳಿ ಚುಕ್ಕೆ. ಅವತ್ತು ಕಣ್ಣಲ್ಲಿ ನೀರು ಬಂತು.

ಪ್ಲೈವುಡ್ ಕೊಳ್ಳುವಾಗ ಮುದ್ರೆ ನೋಡಿ. ಐಎಸ್ (ಭಾರತೀಯ ಮಾನಕದ ಸಂಖ್ಯೆ) 303 ಅಂತಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಅಂತಿದ್ದರೆ ನೀರು ತಡೆಯುವ ಮರೀನ್ ಪ್ಲೈ. ಅಡುಗೆಮನೆಯ ಸಿಂಕ್ ಕೆಳಗೆ ಎರಡನೆಯದೇ ಬೇಕು. ಆದರೆ ಬೂಷ್ಟಿಗೆ ಪ್ಲೈವುಡ್ ಒಂದೇ ಉತ್ತರ ಅಲ್ಲ. ತಣ್ಣನೆಯ ಒದ್ದೆ ಗೋಡೆ ಮತ್ತು ಅಲುಗಾಡದ ಗಾಳಿ ಸೇರಿದರೆ ಎಂಥ ಹಲಗೆಯ ಮೇಲೂ ಬೂಷ್ಟು ಬರುತ್ತದೆ. ವಾರ್ಡ್‌ರೋಬನ್ನು ಒಳಗೋಡೆಗೆ ಬದಲಾಯಿಸಿದೆ, ಹಿಂದೆ ಎರಡು ಇಂಚು ಸಂದಿ ಬಿಟ್ಟೆ. ಮಳೆ ಬಿಟ್ಟ ಬೆಳಗ್ಗೆ ಬಾಗಿಲು ತೆರೆದು ಒಂದು ಗಂಟೆ ಫ್ಯಾನ್ ಹಾಕುತ್ತೇನೆ. ಮಾಲೀಕರು ಹೊರಗೋಡೆಯ ಬಿರುಕು ಮುಚ್ಚಿಸಿದರು. ಒಳಗಿನ ಪೇಂಟ್ ಅನ್ನು ಫೆಬ್ರವರಿಯಲ್ಲಿ, ಗೋಡೆ ಪೂರ್ತಿ ಒಣಗಿದ ಮೇಲೆ ಮಾಡಿಸಿದೆವು. ಒದ್ದೆ ಗೋಡೆಗೆ ಹಬ್ಬ ಬಂತೆಂದು ಪೇಂಟ್ ಹೊಡೆಸಿದರೆ ಯುಗಾದಿ ಹೊತ್ತಿಗೆ ಚಕ್ಕೆ ಏಳುತ್ತದೆ. ನನ್ನ ಗ್ರಾಹಕರಿಗೆ ಇದನ್ನು ಕೈ ಹಿಡಿದು ಹೇಳುತ್ತೇನೆ.

ಮಳೆಗಾಲದ ಮಬ್ಬು ಸಂಜೆಗೆ ಬಲ್ಬ್ ಬದಲಾಯಿಸಿ ನೋಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಬಲ್ಬ್‌ನ ಡಬ್ಬಿ ಮೇಲೆ ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್‌ನ ನೀಲಿ ಬಿಳುಪು. ತರಕಾರಿ ಹೆಚ್ಚಲು, ಲೆಕ್ಕ ಬರೆಯಲು ಅದು ಸರಿ. ಕೂತು ಕಾಫಿ ಕುಡಿಯುವ ಕಡೆಗೆ 2700ರಿಂದ 3000 ಕೆಲ್ವಿನ್‌ನ, ಹಳದಿ ಬೆಳಕಿನ ಒಂದು ದೀಪ ಸಾಕು, ತಲೆಯ ಮೇಲೆ ಬೇಡ, ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕೆ. ಪಕ್ಕದಲ್ಲಿ ಒಂದು ಲೋಟದಲ್ಲಿ ನಾಲ್ಕು ಸಂಪಿಗೆ. ಸಂಪಿಗೆ ರಸ್ತೆಯ ಹೆಸರಿರುವ ಊರಿನಲ್ಲಿ ಅಷ್ಟಾದರೂ ಮಾಡಬೇಕು.

ದಸರೆಗೆ ಗೊಂಬೆ ಕೂರಿಸಲು ಮೆಟ್ಟಿಲು ಕಟ್ಟುವಾಗ ಹಾಲ್ ಹೇಗೂ ಪೂರ್ತಿ ಖಾಲಿ ಆಗುತ್ತದೆ. ಗೊಂಬೆ ತೆಗೆದ ಮೇಲೆ ಸಾಮಾನನ್ನು ಇದ್ದಲ್ಲೇ ವಾಪಸ್ ಇಡಬೇಕು ಅಂತೇನೂ ಇಲ್ಲ. ನಾನು ಆವಾಗಲೇ ಚಳಿಗಾಲದ ಜಾಗಕ್ಕೆ ಎಲ್ಲವನ್ನೂ ಸರಿಸುತ್ತೇನೆ.

ನವೆಂಬರ್‌ಗೆ ಟ್ರಂಕ್ ತೆರೆಯುತ್ತದೆ. ನಮ್ಮತ್ತೆ ಧಾರವಾಡದ ಕಡೆಯವರು. ಅವರು ಕೊಟ್ಟ ಒಂದು ಕೌದಿ ಇದೆ. ಮನೆಯ ಹಳೇ ಸೀರೆ, ಧೋತರ, ಮಕ್ಕಳ ಲಂಗ ಎಲ್ಲ ಸೇರಿಸಿ ಸಾಲುಸಾಲಾಗಿ ಹಾಕಿದ ಹೊಲಿಗೆ. "ಇದು ನಿನ್ನ ಗಂಡ ಸಾಲಿಗೆ ಹಾಕ್ಕೊಂಡು ಹೋದ ಅಂಗಿ ನೋಡವಾ" ಅಂತ ಒಂದು ನೀಲಿ ತುಂಡು ತೋರಿಸಿದ್ದರು. ಸೋಫಾ ಮೇಲೆ ಅದನ್ನು ಹಾಸಿದ ದಿನ ನಮ್ಮ ಹಾಲ್ ಬೇರೆಯೇ ಆಗುತ್ತದೆ. ನೆಲಕ್ಕೆ ನವಲಗುಂದದ ಜಮಖಾನ, ಯಾಕೆಂದರೆ ಬೇಸಿಗೆಯಲ್ಲಿ ತಂಪು ಕೊಟ್ಟ ನೆಲವೇ ಡಿಸೆಂಬರ್ ಬೆಳಗ್ಗೆ ಕಾಲು ಕೊರೆಯುತ್ತದೆ. ಬೆತ್ತದ ಕುರ್ಚಿ ಮತ್ತೆ ದಕ್ಷಿಣದ ಕಿಟಕಿಗೆ. ನವೆಂಬರ್ ಕೊನೆಗೆ ಬಿಸಿಲು ಅದರ ಕಾಲು ಮುಟ್ಟುತ್ತದೆ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ. ಪರಿಷೆಯಿಂದ ತಂದ ಕಡಲೆಕಾಯಿ ಬಿಡಿಸುತ್ತಾ ಅಲ್ಲಿ ಕೂರುವುದು ನಮ್ಮ ಮನೆಯ ಪದ್ಧತಿಯೇ ಆಗಿಬಿಟ್ಟಿದೆ.

ಈಗ ಹೊಸ ಗ್ರಾಹಕರು ಫೋನಿನಲ್ಲಿ ಚಿತ್ರ ತೋರಿಸಿದರೆ ನೋಡುತ್ತೇನೆ, ಆಮೇಲೆ ಒಂದು ಚಾಕ್‌ಪೀಸ್ ಕೊಡುತ್ತೇನೆ. ಎರಡು ವಾರ ಗೆರೆ ಎಳೆಯಿರಿ, ಫ್ಯಾನಿಲ್ಲದೆ ಎಲ್ಲಿ ಗಾಳಿ ಬರುತ್ತದೆ ನೋಡಿ, ಆಮೇಲೆ ಸೋಫಾ ಮಾತಾಡೋಣ ಅನ್ನುತ್ತೇನೆ. ಕನಕಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನ ಗಂಡ ಹೆಂಡತಿ ಮೂರು ಲಕ್ಷದ ಸೋಫಾ ಸೆಟ್ ಗೊತ್ತುಮಾಡಿಕೊಂಡು ಬಂದಿದ್ದರು. ಎರಡು ವಾರದ ಮೇಲೆ ಫೋನ್ ಮಾಡಿ, "ನಾವು ನಾಲ್ಕೂ ಜನ ಕೂರೋದು ಬಾಲ್ಕನಿ ಬಾಗಿಲ ಹತ್ತಿರ ನೆಲದ ಮೇಲೆ, ಅದು ನಮಗೇ ಗೊತ್ತಿರಲಿಲ್ಲ" ಅಂದರು. ಅಲ್ಲಿ ಒಂದು ಮೋಟು ದಿವಾನ್ ಮಾಡಿಸಿಕೊಟ್ಟೆ, ಗಾದಿಗೆ ನಾಲ್ಕು ಜೊತೆ ಕವರ್.

ನಮ್ಮ ಮನೆಯ ದಕ್ಷಿಣಕ್ಕಿದ್ದ ಹಳೇ ಹೆಂಚಿನ ಮನೆಯನ್ನು ಹೋದ ತಿಂಗಳು ಕೆಡವಿದರು. ನಾಲ್ಕು ಮಹಡಿ ಏಳುತ್ತದಂತೆ. ಸದ್ಯಕ್ಕೆ ಖಾಲಿ ಜಾಗದಿಂದ ಬೆಳಕು ಮೊದಲಿಗಿಂತ ಜಾಸ್ತಿಯೇ ಬರುತ್ತಿದೆ. ಗೋಡೆ ಎದ್ದ ಮೇಲೆ ನಮ್ಮ ಡಿಸೆಂಬರ್ ಬಿಸಿಲು ಎಷ್ಟು ಉಳಿಯುತ್ತದೋ ನೋಡಬೇಕು. ಹೊಸ ಚಾಕ್‌ಪೀಸ್ ಡಬ್ಬಿ ತಂದಿಟ್ಟಿದ್ದೇನೆ. ಈ ಸಲದ ಗೆರೆ ನಾನೇ ಎಳೆಯುತ್ತೇನೆ ಅಂತ ಮಗಳು ಹೇಳಿದ್ದಾಳೆ.