ಫೋನಿಗೆ ಆ್ಯಂಟಿವೈರಸ್ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

ಏನೋ ಓದುತ್ತಾ ಕೂತಿರುತ್ತೀರಿ. ಇದ್ದಕ್ಕಿದ್ದಂತೆ ಫೋನ್ ನಡುಗುತ್ತದೆ, ಪರದೆ ತುಂಬ ಕೆಂಪು ಬಣ್ಣ. ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, ತಕ್ಷಣ ಈ ಆ್ಯಪ್ ಹಾಕಿಕೊಳ್ಳಿ!’ ಹಾಕಿಕೊಳ್ಳಬೇಡಿ. ಬ್ರೌಸರ್‌ನಲ್ಲಿ ತೆರೆದ ಒಂದು ಪುಟಕ್ಕೆ ನಿಮ್ಮ ಫೋನಿನ ಒಳಗೆಲ್ಲ ಹುಡುಕಿ ವೈರಸ್ ಎಣಿಸಲು ಆಗುವುದಿಲ್ಲ. ಅದು ಸುಮ್ನೆ ಹೆದರಿಸುವ ಜಾಹೀರಾತು. ಆ ಟ್ಯಾಬ್ ಮುಚ್ಚಿ, ಹದಿಮೂರೂ ವೈರಸ್ ಮಾಯ.

ಹಾಗಾದರೆ ಫೋನಿಗೆ ಆ್ಯಂಟಿವೈರಸ್ ಬೇಡವೇ ಬೇಡವಾ? ಹೆಚ್ಚಿನವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೋನನ್ನು ಒಂದು ಲಾಡ್ಜ್ ಅಂದುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪ್‌ಗೂ ಒಂದೊಂದು ಕೋಣೆ. ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವ ಹಾಗಿಲ್ಲ. ನೀವು ಹಾಕುವ ಆ್ಯಂಟಿವೈರಸ್ ಲಾಡ್ಜಿನ ಕಾವಲುಗಾರ ಅಲ್ಲ, ಅದೂ ಬಾಡಿಗೆಗೆ ಬಂದ ಇನ್ನೊಬ್ಬ ಗಿರಾಕಿ. ಯಾವ ಯಾವ ಆ್ಯಪ್ ಇವೆ ಅಂತ ಪಟ್ಟಿ ನೋಡಬಹುದು, ಅವುಗಳ ಫೈಲ್ ಪರೀಕ್ಷಿಸಬಹುದು. ಆದರೆ ಕೆಟ್ಟ ಆ್ಯಪ್ ಸಿಕ್ಕರೂ ತಾನೇ ಕಿತ್ತುಹಾಕಲಾರದು, ‘ತೆಗೆಯಲೇ?’ ಅಂತ ನಿಮ್ಮನ್ನೇ ಕೇಳಬೇಕು. ಐಫೋನಿನಲ್ಲಿ ಗೋಡೆಗಳು ಇನ್ನೂ ದಪ್ಪ. ಅಲ್ಲಿ ಬೇರೆ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡಲು ದಾರಿಯೇ ಇಲ್ಲ. ‘ಸೆಕ್ಯುರಿಟಿ’ ಹೆಸರಿನಲ್ಲಿ ಸಿಗುವವು ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವುದು), ಕೆಟ್ಟ ವೆಬ್‌ಸೈಟ್ ತಡೆಯುವುದು, ಇಂಥ ಕೆಲಸ ಮಾಡುತ್ತವೆ ಅಷ್ಟೆ.

ಹೆಸರು ನೋಡಿ ನಂಬುವ ಹಾಗೂ ಇಲ್ಲ. 2014ರಲ್ಲಿ ‘ವೈರಸ್ ಶೀಲ್ಡ್’ ಅಂತ ಒಂದು ಆ್ಯಪ್ ಬಂತು. ಬೆಲೆ 3.99 ಡಾಲರ್. ಸಾವಿರಾರು ಜನ ಕೊಂಡರು. ಅದು ಮಾಡುತ್ತಿದ್ದ ಕೆಲಸ ಒಂದೇ: ಒತ್ತಿದರೆ ಗುರಾಣಿಯ ಚಿತ್ರದ ಮೇಲಿನ ಇಂಟು ಗುರುತು ರೈಟ್ ಗುರುತಾಗುತ್ತಿತ್ತು! 2019ರಲ್ಲಿ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಸಂಸ್ಥೆ ಆಂಡ್ರಾಯ್ಡ್‌ನ 250 ಆ್ಯಂಟಿವೈರಸ್‌ಗಳನ್ನು ಪರೀಕ್ಷಿಸಿತು. ಕೆಟ್ಟ ಆ್ಯಪ್‌ಗಳಲ್ಲಿ ಶೇ 30ಕ್ಕಿಂತ ಜಾಸ್ತಿ ಹಿಡಿದವು ಬರೀ 80. ಕೆಲವಂತೂ ತಮ್ಮನ್ನೇ ಅಪಾಯಕಾರಿ ಅಂತ ತೋರಿಸಿದವು.

ಆದ್ದರಿಂದ ಮೊದಲು ಫೋನಿನಲ್ಲೇ ಇರುವ ಕಾವಲನ್ನು ಸರಿಮಾಡಿಕೊಳ್ಳೋಣ. ಮುಂದಿನ ಹೆಜ್ಜೆಗಳು ಹೆಚ್ಚಾಗಿ ಆಂಡ್ರಾಯ್ಡ್‌ಗೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಚೂರು ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿ.

ಹೆಜ್ಜೆ 1: ಪ್ಲೇ ಪ್ರೊಟೆಕ್ಟ್. ಇದು ಗೂಗಲ್‌ನದೇ ಕಾವಲು. ಪ್ಲೇ ಸ್ಟೋರ್ ತೆರೆಯಿರಿ. ಮೇಲೆ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ‘ಪ್ಲೇ ಪ್ರೊಟೆಕ್ಟ್’ಗೆ ಹೋಗಿ, ಹಲ್ಲಿನ ಚಕ್ರದ ಗುರುತು ಒತ್ತಿ. ಅಲ್ಲಿ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡುವ ಸ್ವಿಚ್ ಆನ್ ಇರಬೇಕು. 2017ರಿಂದ ಈ ಹೆಸರಿನಲ್ಲಿರುವ ಇದು ಬೇರೆ ಕಡೆಯಿಂದ ತಂದು ಹಾಕಿದ ಆ್ಯಪ್‌ಗಳನ್ನೂ ನೋಡುತ್ತದೆ. ಯಾರಾದರೂ ಕರೆ ಮಾಡಿ ‘ಈ ಆ್ಯಪ್ ಹಾಕಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಅಂದರೆ ಕರೆ ಕತ್ತರಿಸಿ.

ಹೆಜ್ಜೆ 2: ಹೊರಗಿನ ಆ್ಯಪ್‌ಗಳ ಬಾಗಿಲು. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ. ಆಂಡ್ರಾಯ್ಡ್ 8ರಿಂದ ಈಚೆಗೆ ಈ ಅನುಮತಿಯನ್ನು ಒಂದೊಂದು ಆ್ಯಪ್‌ಗೂ ಬೇರೆ ಬೇರೆಯಾಗಿ ಕೊಡಬೇಕು. ಬ್ರೌಸರ್, ಮೆಸೇಜ್ ಆ್ಯಪ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ಇಲ್ಲ ಅಂತಿರಲಿ.

ಹೆಜ್ಜೆ 3: ಅಕ್ಸೆಸಿಬಿಲಿಟಿ. ಒಂದೇ ಹೆಜ್ಜೆಗೆ ಸಮಯ ಇದ್ದರೆ ಇದನ್ನೇ ಮಾಡಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು, ಕೈ ಬಳಸಲಾಗದವರ ಪರವಾಗಿ ಬಟನ್ ಒತ್ತಲು ಮಾಡಿದ ಸೌಲಭ್ಯ ಇದು. ಒಳ್ಳೆಯದೇ. ಆದರೆ ಈ ಅನುಮತಿ ಸಿಕ್ಕ ಆ್ಯಪ್‌ಗೆ ಲಾಡ್ಜಿನ ಗೋಡೆಗಳು ಲೆಕ್ಕಕ್ಕೇ ಇಲ್ಲ. ಪರದೆಗೆ ಬಂದ ಒಟಿಪಿ ಓದುತ್ತದೆ, ನಿಮ್ಮ ಬದಲು ತಾನೇ ಬಟನ್ ಒತ್ತುತ್ತದೆ, ನೀವು ಅದನ್ನು ತೆಗೆಯಲು ಹೋದರೆ ಆ ಪುಟವನ್ನೇ ಮುಚ್ಚುತ್ತದೆ. 2021ರಲ್ಲಿ ಯುರೋಪಿನಲ್ಲಿ ಹರಡಿದ ಫ್ಲೂಬಾಟ್ ಎಂಬ ಕೆಟ್ಟ ಆ್ಯಪ್ ಹೀಗೇ ಮಾಡಿತು. ‘ನಿಮ್ಮ ಪಾರ್ಸೆಲ್ ಬಂದಿದೆ’ ಅಂತ ಎಸ್ಎಂಎಸ್, ಅದರಲ್ಲೊಂದು ಲಿಂಕ್, ಆಮೇಲೆ ಈ ಅನುಮತಿಗೆ ಕೋರಿಕೆ. ಮರುವರ್ಷ ಶಾರ್ಕ್‌ಬಾಟ್ ಎಂಬ ಇನ್ನೊಂದರ ಸರದಿ. ಅದು ಪ್ಲೇ ಸ್ಟೋರ್‌ನೊಳಗೇ ಆ್ಯಂಟಿವೈರಸ್ ವೇಷದಲ್ಲಿ ಕೂತಿತ್ತು!

ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ತೆರೆದು, ನೀವು ಹಾಕಿಕೊಂಡ ಆ್ಯಪ್‌ಗಳ ಪಟ್ಟಿ ನೋಡಿ. ಟಾರ್ಚ್, ಪಿಡಿಎಫ್ ರೀಡರ್, ಗೇಮ್‌ಗಳಿಗೆಲ್ಲ ಇದು ಯಾಕೆ ಬೇಕು? ಆಫ್ ಮಾಡಿ.

ಹೆಜ್ಜೆ 4: ಅಪ್‌ಡೇಟ್ ತಾರೀಖು. ‘ಅಬೌಟ್ ಫೋನ್’ ಒಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿದರೆ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು ಕಾಣುತ್ತದೆ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಒಂದು ಎಂಎಂಎಸ್ (ಚಿತ್ರ, ವಿಡಿಯೊ ಇರುವ ಮೆಸೇಜ್) ಕಳಿಸಿದರೆ ಸಾಕು, ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ಪ್ರತಿ ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಕೊಡಲು ಶುರುಮಾಡಿದ್ದು ಆ ನಂತರವೇ. ಇಂಥ ತೂತನ್ನು ಯಾವ ಆ್ಯಂಟಿವೈರಸ್ಸೂ ಮುಚ್ಚಲಾರದು, ಕಂಪನಿಯ ಅಪ್‌ಡೇಟ್ ಮಾತ್ರ ಮುಚ್ಚುತ್ತದೆ. ತಾರೀಖು ಎರಡು ಮೂರು ವರ್ಷ ಹಿಂದಿನದಾಗಿದ್ದು ಹೊಸ ಅಪ್‌ಡೇಟ್ ಬರುತ್ತಲೇ ಇಲ್ಲವಾದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಐಫೋನ್‌ನವರಿಗೂ ಈ ಮಾತು ಅನ್ವಯಿಸುತ್ತದೆ.

ಹೆಜ್ಜೆ 5: ಈಗಾಗಲೇ ಏನೋ ಒಳಗೆ ಬಂದಿದೆ ಅನ್ನಿಸಿದರೆ. ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯಾ ನೋಡಿ. ಆಮೇಲೆ ಸೇಫ್ ಮೋಡ್. ಎಷ್ಟೋ ಫೋನ್‌ಗಳಲ್ಲಿ ಪವರ್ ಮೆನು ತೆರೆದು ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಇದು ಬರುತ್ತದೆ. ಅದರಲ್ಲಿ ನೀವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ, ಹಾಗಾಗಿ ಅನುಮಾನದ ಆ್ಯಪ್ ಅನ್ನು ಆರಾಮಾಗಿ ತೆಗೆಯಬಹುದು. ತೆಗೆಯುವ ಬಟನ್ ಮಂಕಾಗಿದ್ದರೆ ಸೆಟ್ಟಿಂಗ್ಸ್‌ನ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ನಲ್ಲಿ ಅದರ ಟಿಕ್ ತೆಗೆದು ಮತ್ತೆ ನೋಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಬದಲಾಯಿಸಿ. ಬ್ಯಾಂಕಿಗೂ ತಿಳಿಸಿ. ಇಷ್ಟಾದರೂ ಫೋನ್ ವಿಚಿತ್ರವಾಗಿ ಆಡುತ್ತಿದ್ದರೆ ಫೋಟೊಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರಿಸೆಟ್ (ಫೋನಿನಲ್ಲಿರುವುದೆಲ್ಲ ಅಳಿಸುವುದು) ಮಾಡಿ.

ಹೊರಗಿನಿಂದ ಆ್ಯಪ್ ಹಾಕಲೇಬೇಕಾದ ಕೆಲಸ ಇರುವವರು, ಮನೆಯಲ್ಲಿ ಯಾರಿಗಾದರೂ ಸಿಕ್ಕ ಲಿಂಕ್ ಒತ್ತುವ ಅಭ್ಯಾಸ ಇರುವವರು ಒಂದು ಆ್ಯಂಟಿವೈರಸ್ ಹಾಕಿಕೊಂಡರೆ ತಪ್ಪಿಲ್ಲ. ಒಂದೇ ಸಾಕು, ಎರಡು ಹಾಕಿದರೆ ಬ್ಯಾಟರಿ ಬೇಗ ಖಾಲಿ. ಎವಿ-ಟೆಸ್ಟ್ (ಇನ್ನೊಂದು ಪರೀಕ್ಷಾ ಸಂಸ್ಥೆ) ಅಥವಾ ಎವಿ-ಕಂಪ್ಯಾರಟಿವ್ಸ್‌ನ ಇತ್ತೀಚಿನ ಫಲಿತಾಂಶದಲ್ಲಿ ಅದರ ಹೆಸರಿದೆಯಾ ನೋಡಿ. ಒಳ್ಳೆಯ ಕಂಪನಿಗಳ ಆ್ಯಪ್‌ಗಳಲ್ಲೂ ಕೆಲವು ವೆಬ್‌ಸೈಟ್ ಪರೀಕ್ಷಿಸಲು ಅಕ್ಸೆಸಿಬಿಲಿಟಿ ಅನುಮತಿಯನ್ನೇ ಕೇಳುತ್ತವೆ. ಹೌದು, ಮೂರನೇ ಹೆಜ್ಜೆಯಲ್ಲಿ ಆಫ್ ಮಾಡಿದೆವಲ್ಲ, ಅದೇ. ಕೊಡಲು ಮನಸ್ಸಿಲ್ಲದಿದ್ದರೆ ‘ಬೇಡ’ ಅನ್ನಿ. ಆ್ಯಪ್‌ಗಳನ್ನು ಸ್ಕ್ಯಾನ್ ಮಾಡಲು ಆ ಅನುಮತಿ ಬೇಕಾಗಿಲ್ಲ.